ಕಿಟಲಿಯ ತಳದ ಹಾಲು

ಮೇಲವಂಕಿ ದಾಟಿ ಕಾಲುವೆಯ ಏರಿ ಹಿಡಿದು ಎರಡು ಮೈಲಿ ನಡೆದರೆ ಒಂದು ತೋಟಪಟ್ಟಿ ಸಿಗುತ್ತದೆ. ಎಪ್ಪತ್ತು ಮನೆ, ಮನೆಗೆ ಎರಡೆರಡು ಎಮ್ಮೆ, ನಡುವೆ ಬೇವಿನ ಗಿಡದ ಬುಡದಲ್ಲಿ ಹೆಣ್ಣುಮಕ್ಕಳೇ ಸೇರಿ ಕಟ್ಟಿಕೊಂಡ ಹಾಲಿನ ಡೇರಿ. ಆ ಡೇರಿಯಲ್ಲಿ ಇಪ್ಪತ್ತಾರು ವರ್ಷ ಹಾಲು ಅಳೆದವಳು ಹಣಮವ್ವ. ಗಂಡ ಶಿದ್ರಾಮ ಕುರಿ ಕಾಯುವವನು, ವರ್ಷದಲ್ಲಿ ಆರು ತಿಂಗಳು ಹಿಂಡಿನ ಹಿಂದೆಯೇ ಇರುತ್ತಾನೆ. ಮನೆಯಲ್ಲಿ ಅವಳು, ಸೊಸೆ ವಿದ್ಯಾ, ಎರಡು ಎಮ್ಮೆ. ಮಗನಿಗೆ ಗೋಕಾಕದ ಕರದಂಟಿನ ಅಂಗಡಿಯಲ್ಲಿ ಕೆಲಸ, ದಿನಾ ಹೋಗಿ ಬರುತ್ತಾನೆ.

ಹಣಮವ್ವನ ಕೈಯ ಬಗ್ಗೆ ತೋಟಪಟ್ಟಿಯಲ್ಲಿ ಎರಡು ಮಾತಿಲ್ಲ. ಮಾಪಿಗೆ ಹಾಲು ಸುರಿದರೆ ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಡಿಮೆಯಿಲ್ಲ. ಹಾಲು ಬೀಳುವ ಸಪ್ಪಳ ಕೇಳಿಯೇ ಅದರಲ್ಲಿ ನೀರು ಎಷ್ಟು ಸೇರಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ, ಅದು ಅವಳ ಎರಡನೆಯ ಗುಣ. ಡೇರಿಯ ಅಧ್ಯಕ್ಷೆ ದಾಕ್ಷಾಯಿಣಿಯ ಹಾಲಿಗೂ ಬೇಸಿಗೆಯಲ್ಲಿ ಒಂದಿಷ್ಟು ಕಾಲುವೆ ಸೇರುತ್ತಿತ್ತು. ಈ ಮಾತನ್ನು ಇಲ್ಲಿ ಬರೆದದ್ದು ಗೊತ್ತಾದರೆ ಹಣಮವ್ವ ಖಂಡಿತ ಸಿಟ್ಟಾಗುತ್ತಾಳೆ.

ಡೇರಿ ಶುರುವಾದಾಗ ಅವಳಿಗೆ ಮೂವತ್ತೊಂದು ವರ್ಷ. ಮೊದಲ ಹತ್ತು ದಿನ ಹಾಲು ಹಾಕಿದವರು ನಾಲ್ಕೇ ಮಂದಿ. ಉಳಿದವರು ಹಿಡಿಕೆಯ ಕಿಟಲಿಯಲ್ಲಿ ಹಾಲು ತುಂಬಿಕೊಂಡು ಬಾಗಿಲವರೆಗೆ ಬರುತ್ತಿದ್ದರು, ಒಳಗೆ ಇಣುಕುತ್ತಿದ್ದರು, ಹಾಗೇ ಹೊರಟುಹೋಗುತ್ತಿದ್ದರು. ಸಭೆ ಕರೆದು ಕೇಳಿದರೆ ಎಲ್ಲರೂ ಸೀರೆಯ ಸೆರಗು ನೋಡಿಕೊಂಡು ಕೂತರು. ಹನ್ನೊಂದನೆಯ ದಿನ ಹಣಮವ್ವ ಬಾಗಿಲಿಗೆ ಬಂದ ಯಲ್ಲವ್ವನ ಕೈ ಹಿಡಿದು ನಿಲ್ಲಿಸಿದಳು. ಯಲ್ಲವ್ವನಿಗೆ ಆಗಲೇ ಐವತ್ತು ದಾಟಿತ್ತು. ಅವಳು ಏನು ಮಾಡಿದರೂ ಉಳಿದ ಹೆಂಗಸರೂ ಅದನ್ನೇ ಮಾಡುತ್ತಿದ್ದರು.

“ಆಯಿ, ಇಷ್ಟ ದೂರ ಬಂದು ಯಾಕ ಹೊಳ್ಳಿ ಹೋಗ್ತೀರಿ?”

“ಹಾಲ ಹಾಕಾಕ ನಂದೇನೂ ತಕರಾರಿಲ್ಲವಾ. ಖಾಲಿ ಕಿಟಲಿ ಹಿಡ್ಕೊಂಡ ಮನಿಗಿ ಹ್ಯಾಂಗ ಹೋಗ್ಲಿ? ಎಮ್ಮಿ ಬತ್ತತೈತಿ.”

ಹಣಮವ್ವನಿಗೆ ನಗು ಬರಲಿಲ್ಲ. ಅವಳ ಅತ್ತೆಯೂ ಅದನ್ನೇ ಹೇಳುತ್ತಿದ್ದಳು. ಯಲ್ಲವ್ವನ ಹಾಲು ಅಳೆದಳು, ಆಮೇಲೆ ಡೇರಿಯ ಕ್ಯಾನಿನಿಂದ ಒಂದೇ ಒಂದು ಚಮಚೆ ಹಾಲು ತೆಗೆದು ಅವಳ ಕಿಟಲಿಯ ತಳಕ್ಕೆ ಹಾಕಿದಳು. “ಈಗ ಖಾಲಿ ಇಲ್ಲ ಆಯಿ, ಹೋಗ್ರಿ” ಎಂದಳು. ಮರುದಿನ ಮುಂಜಾನೆ ಹತ್ತೊಂಬತ್ತು ಮಂದಿ ಬಂದರು. ವಾರ ಕಳೆಯುವಷ್ಟರಲ್ಲಿ ಸಾಲು ಬೇವಿನ ಗಿಡ ದಾಟಿತು. ಆ ಚಮಚೆ ಹಾಲು ಅಂದಿನಿಂದ ಇಪ್ಪತ್ತಾರು ವರ್ಷ ಒಂದು ಹೊತ್ತೂ ತಪ್ಪಲಿಲ್ಲ. ಯಾವ ನಿಯಮದ ಪುಸ್ತಕದಲ್ಲಿಯೂ ಅದು ಇರಲಿಲ್ಲ. ಯಾರೂ ಅದರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ.

ಮೊನ್ನೆ ಯುಗಾದಿ ಮುಗಿದ ಮೇಲೆ ಡೇರಿಗೆ ಹೊಸ ಮಷೀನು ಬಂತು. ಹಾಲನ್ನು ತೂಗುವ ಕಾಟಾ, ಹಾಲಿನ ಜಿಡ್ಡು ಅಂದರೆ ಫ್ಯಾಟು, ಬೆರೆತ ನೀರು ಎರಡನ್ನೂ ನೋಡುವ ಪೆಟ್ಟಿಗೆ, ಚೀಟಿ ಮುದ್ರಿಸುವ ಇನ್ನೊಂದು ಪೆಟ್ಟಿಗೆ. ಅದರ ಜತೆಗೆ ಯೋಜನೆಯ ಅಧಿಕಾರಿ ಗುರುರಾಜನೂ ಬಂದ. ಹುಕ್ಕೇರಿಯ ಹುಡುಗ, ಇಪ್ಪತ್ತೆಂಟು ವರ್ಷ, ಇಸ್ತ್ರಿ ಮಾಡಿದ ಅಂಗಿ, ಬೈಕಿನ ಹಿಂದೆ ಸುರುಳಿ ಸುತ್ತಿದ ತಕ್ತೆಗಳ ಕಟ್ಟು. ಒಳ್ಳೆಯ ಹುಡುಗ. ದಪ್ಪ ಹಾಲಿಗೂ ತೆಳು ಹಾಲಿಗೂ ಒಂದೇ ದರ ಸಿಗುವುದು ಅನ್ಯಾಯ ಎಂದು ಮನಸ್ಸಿನಿಂದ ನಂಬಿದವನು. ಆದರೆ ತಕ್ತೆಗಳ ಮೇಲೆ ಅವನಿಗೆ ಸ್ವಲ್ಪ ಅತಿಯಾದ ಭಕ್ತಿ. ಗೋಡೆಯ ಮೇಲೆ ಅಂಟಿಸಿದರೆ ಜನ ಓದುತ್ತಾರೆ, ಓದಿದರೆ ಒಪ್ಪುತ್ತಾರೆ ಎಂದು ತಿಳಿದಿದ್ದ.

ಮೊದಲ ದಿನವೇ ಅವನು ಹಣಮವ್ವನಿಗೆ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ.

“ಅವ್ವಾರ, ಇಷ್ಟ ವರ್ಷ ದುಡದೀರಿ. ಈಗ ಆರಾಮ ಕೂಡ್ರಿ. ಅಳಿಯೂದು ಸುರಿಯೂದು ಎಲ್ಲಾ ಮಷೀನ ಮಾಡ್ತೈತಿ.”

ಪ್ರೀತಿಯಿಂದಲೇ ಹೇಳಿದ್ದ. ಹಣಮವ್ವ ಕುರ್ಚಿಯ ಅಂಚಿನಲ್ಲಿ ಕೂತಳು. ಅವಳ ಲೀಟರಿನ ಮಾಪನ್ನೂ ಚಮಚೆಯನ್ನೂ ಯಾರೋ ತೊಳೆದು ಗೋಡೆಯ ಮಾಡದಲ್ಲಿ ಇಟ್ಟಿದ್ದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮುಂಜಾನೆಯ ಆರು ಗಂಟೆಗೆ ಅವಳ ಕೈಗೆ ಕೆಲಸವಿರಲಿಲ್ಲ. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಕೂತಳು.

ಕಾಟಾದ ಮೇಲಿನ ಸ್ಟೀಲಿನ ಬಕೆಟ್ಟಿಗೆ ಗುರುರಾಜ ಒಂದು ಜಾಲರಿ ಕೂರಿಸಿದ್ದ. ಹಾಲು ಸುರಿದ ಮೇಲೆ ಕಿಟಲಿಯನ್ನು ಆ ಜಾಲರಿಯ ಮೇಲೆ ಬೋರಲು ಹಾಕಿ, ಬಸಿಯುವುದು ನಿಲ್ಲುವತನಕ ಬಿಡಬೇಕು. ಗೋಡೆಯ ಮೇಲೆ ತಕ್ತೆ: ‘ಕೊನೆಯ ಹನಿಯೂ ನಿಮ್ಮದೇ ಖಾತೆಗೆ’. ಹೆಂಗಸರಿಗೆ ಒಂದು ಹನಿಯೂ ಮೋಸವಾಗಬಾರದು ಎಂಬುದು ಅವನ ವಿಚಾರ. ಬಾಗಿಲಲ್ಲಿ ನಳ ಹಾಕಿಸಿ, ಕಿಟಲಿಯನ್ನು ಅಲ್ಲೇ ಗಲಗಲ ತೊಳೆದು ಒಯ್ಯುವ ವ್ಯವಸ್ಥೆಯನ್ನೂ ಮಾಡಿದ್ದ.

ಸಾಲಿನ ಮೊದಲಿಗೆ ಯಲ್ಲವ್ವನೇ ಇದ್ದಳು. ಈಗ ಅವಳಿಗೆ ಎಂಬತ್ತರ ಹತ್ತಿರ. ಅವಳ ಹಾಲಿನ ಫ್ಯಾಟು ಎಂಟೂವರೆ ಬಂತು. ಗುರುರಾಜ ಹಿಗ್ಗಿನಿಂದ ಕೂಗಿ ಓದಿದ. ಅದರ ಹಿಂದೆಯೇ ಅವಳ ಕಿಟಲಿ ಜಾಲರಿಯ ಮೇಲೆ ಬೋರಲಾಯಿತು. ಯಲ್ಲವ್ವ ತಲೆ ತಿರುಗಿಸಿ ಮೂಲೆಯ ಕುರ್ಚಿಯ ಕಡೆ ನೋಡಿದಳು. ಹಣಮವ್ವನೂ ನೋಡಿದಳು. ಏನು ಆಗುತ್ತಿದೆ, ಮುಂದೆ ಏನಾಗುತ್ತದೆ, ಎಲ್ಲವೂ ಆ ಕ್ಷಣದಲ್ಲೇ ಅವಳಿಗೆ ಗೊತ್ತಾಯಿತು. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ಎರಡನೆಯವಳು ದಾಕ್ಷಾಯಿಣಿ. ಅವಳ ಹಾಲಿನಲ್ಲಿ ನೀರು ಎಷ್ಟೆಂಬುದನ್ನೂ ಗುರುರಾಜ ಅಷ್ಟೇ ದೊಡ್ಡ ದನಿಯಲ್ಲಿ ಓದಿದ. ಸಾಲಿನಲ್ಲಿದ್ದವರು ತಮ್ಮ ತಮ್ಮ ಕಿಟಲಿಯ ಮುಚ್ಚಳ ಬಿಗಿ ಮಾಡಿದರು.

ನಾಲ್ಕನೆಯ ದಿನಕ್ಕೆ ಬಂದವರು ಅರ್ಧ ಜನ. ಹತ್ತನೆಯ ದಿನಕ್ಕೆ ಹನ್ನೆರಡು ಮಂದಿ. ಉಳಿದ ಹಾಲೆಲ್ಲ ಕಾಲುವೆಯ ಏರಿಗೆ ಬರುವ ಒಂದು ಖಾಸಗಿ ಟೆಂಪೋಗೆ ಹೋಗತೊಡಗಿತು. ಆ ಟೆಂಪೋದವನು ಮಾಪನ್ನು ತುಂಬಿ ತುಳುಕಿಸಿ ಅಳೆಯುತ್ತಿದ್ದ, ತುಳುಕಿದ್ದೆಲ್ಲ ಕೆಳಗಿನ ಬೋಗುಣಿಗೆ ಬೀಳುತ್ತಿತ್ತು, ಬೋಗುಣಿ ಅವನದು. ಪಾವು ಲೀಟರು ಹಾಗೆ ನುಂಗಿ, ಕೊನೆಗೆ ಕಿಟಲಿಯ ತಳದಲ್ಲಿ ಎರಡು ಹನಿ ಬಿಟ್ಟು “ತಗೋರಿ ಅಕ್ಕಾರ, ಲಕ್ಷ್ಮಿ” ಎನ್ನುತ್ತಿದ್ದ. ಹೆಂಗಸರು ಖುಷಿಯಿಂದ ಮನೆಗೆ ಹೋಗುತ್ತಿದ್ದರು. ಕಳ್ಳನಿಗೆ ಇದ್ದ ತಿಳುವಳಿಕೆ ನಮ್ಮ ಒಳ್ಳೆಯ ಹುಡುಗನಿಗೆ ಇರಲಿಲ್ಲ ಎಂದು ಬರೆಯಲು ಬೇಸರವಾಗುತ್ತದೆ, ಆದರೆ ಇದ್ದದ್ದು ಹಾಗೇ.

ಗುರುರಾಜ ಮೂರು ತರಬೇತಿ ಶಿಬಿರ ಮಾಡಿದ. ಅವಲಕ್ಕಿ, ಚಹಾ, ತಕ್ತೆ. ಮಷೀನು ಸುಳ್ಳು ಹೇಳುವುದಿಲ್ಲ ಎಂದು ಎಮ್ಮೆಯ ಚಿತ್ರ ಬರೆದು ತೋರಿಸಿದ. ಹೆಂಗಸರು ಅವಲಕ್ಕಿ ತಿಂದರು, ತಲೆಯಾಡಿಸಿದರು, ಮರುದಿನ ಟೆಂಪೋಗೆ ಹಾಲು ಹಾಕಿದರು. ಯಾಕೆ ಬರುವುದಿಲ್ಲ ಎಂದು ಕೇಳಿದರೆ ಒಬ್ಬಳು ಎಮ್ಮೆ ಗಬ್ಬ ಎಂದಳು, ಒಬ್ಬಳು ಮೊಮ್ಮಗನಿಗೆ ಹಾಲು ಬೇಕು ಎಂದಳು, ಒಬ್ಬಳು ಮಷೀನಿಗೆ ದೃಷ್ಟಿ ಜಾಸ್ತಿ ಎಂದಳು. ಕಿಟಲಿಯ ಮಾತನ್ನು ಯಾರೂ ಎತ್ತಲಿಲ್ಲ. ಕಲಿತ ಸಾಹೇಬರ ಮುಂದೆ ಅದನ್ನು ಹೇಳಿದರೆ ನಗುತ್ತಾರೆ ಎಂದು ಎಲ್ಲರಿಗೂ ನಾಚಿಕೆ.

ಹಣಮವ್ವ ದಿನಾ ಬಂದು ಕುರ್ಚಿಯಲ್ಲಿ ಕೂಡುತ್ತಿದ್ದಳು. ಸಾಲು ಸಣ್ಣದಾದಂತೆಲ್ಲ ಅವಳಿಗೆ ಒಳಗೊಳಗೇ ಹೊಟ್ಟೆ ತಣ್ಣಗಾಗುತ್ತಿತ್ತು. ಹದಿನೆಂಟನೆಯ ದಿನ ಗುರುರಾಜ ದಾಕ್ಷಾಯಿಣಿಗೆ ಹೇಳುವುದು ಅವಳ ಕಿವಿಗೆ ಬಿತ್ತು.

“ಅಕ್ಕಾರ, ಶುಕ್ರವಾರತನಕ ನೋಡ್ತೇನ್ರಿ. ಜನಾ ಬರಲಿಲ್ಲಂದ್ರ ಮಷೀನ ಮೂಡಲಗಿ ಕಡೆ ಒಂದ ಊರಿಗಿ ಕಳಸ್ರಿ ಅಂತ ಮ್ಯಾಲಿನವರು ಹೇಳ್ಯಾರ. ಇಲ್ಲಿ ಹಳೇ ಮಾಪ ಇದ್ದಂಗ ಇರ್ಲಿ.”

ಹಳೆಯ ಮಾಪು ಇದ್ದಂತೆ ಇರಲಿ! ಹಣಮವ್ವ ಆ ದಿನ ಮನೆಗೆ ಹಾರಿಕೊಂಡೇ ಬಂದಳು. ಇನ್ನು ಎರಡು ದಿನ ಸುಮ್ಮನಿದ್ದರೆ ಸಾಕು, ಮಾಪು ಮತ್ತೆ ಅವಳ ಕೈಗೆ.

ಮನೆಯಲ್ಲಿ ವಿದ್ಯಾ ಸಪ್ಪೆ ಮುಖ ಮಾಡಿ ರೊಟ್ಟಿ ತಟ್ಟುತ್ತಿದ್ದಳು. ಪಿಯುಸಿ ಓದಿದ ಹುಡುಗಿ, ಮಷೀನು ನಡೆಸುವುದನ್ನು ಗುರುರಾಜ ಅವಳಿಗೇ ಕಲಿಸಿದ್ದ. ಮೂರೇ ದಿನದಲ್ಲಿ ಕಲಿತಿದ್ದಳು. ಮನೆಯ ಹೊರಗೆ ಅವಳು ಮಾಡಿದ ಮೊದಲ ಕೆಲಸ ಅದು.

“ಅತ್ತಿ, ಒಂದ ಮಾತ ಕೇಳ್ಲೇನ್ರಿ?” ಎಂದಳು. “ಮಂದಿ ಯಾಕ ಬರವಲ್ರು ಅಂತ ನಿಮಗ ಗೊತ್ತೈತಿ ಅಲ್ರಿ?”

ಹಣಮವ್ವ ನೀರು ಕುಡಿಯುತ್ತಿದ್ದವಳು ತಂಬಿಗೆ ಕೆಳಗಿಟ್ಟಳು.

“ನಂಗೇನ ಗೊತ್ತು.”

“ಮೊದಲನೇ ದಿನಾ ಯಲ್ಲವ್ವಾಯಿ ನಿಮ್ಮ ಕಡೆ ನೋಡಿದ್ರು. ನೀವು ಕಿಡಕ್ಯಾಗ ನೋಡಿದ್ರಿ. ನಾ ಮಷೀನ ಮುಂದ ನಿಂತಿದ್ದೆ ಅತ್ತಿ, ಕಂಡೇನಿ.”

ವಿದ್ಯಾಳ ದನಿಯಲ್ಲಿ ಜಗಳವಿರಲಿಲ್ಲ. ಜಗಳವಿದ್ದಿದ್ದರೆ ಹಣಮವ್ವನಿಗೆ ಸುಲಭವಾಗುತ್ತಿತ್ತು, ಎರಡು ಮಾತು ಆಡಿ ಎದ್ದು ಹೋಗುತ್ತಿದ್ದಳು. ಸೊಸೆ ಮತ್ತೆ ರೊಟ್ಟಿಗೆ ಕೈ ಹಾಕಿದಳು. ಹಣಮವ್ವ ಒಲೆಯ ಮುಂದೆ ಬಂದು ಕೂತಳು. ಆಮೇಲೆ ಚಮಚೆಯ ವಿಷಯ ಎಲ್ಲ ಹೇಳಿದಳು. ಸುಮ್ಮನೆ ಕೂತದ್ದು ಯಾಕೆ ಎಂಬುದನ್ನೂ ಹೇಳಿದಳು. ಅದನ್ನು ಹೇಳುವಾಗ ಅವಳ ಕುತ್ತಿಗೆ ಬಗ್ಗಿತು.

“ಕೈಯಾಗಿನ ಮಾಪ ಹೋದ್ರ ನನ್ನ ಯಾರ ಕೇಳ್ತಾರ್ವಾ ವಿದ್ಯಾ. ಹಂಗಾಗಿ ಬಾಯಿ ಮುಚ್ಕೊಂಡ ಕುಂತ್ನಿ.”

ವಿದ್ಯಾ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಅತ್ತೆಯ ಮುಂದಿಟ್ಟಳು.

ಊಟವಾದ ಮೇಲೆ ಹಣಮವ್ವ ಯಲ್ಲವ್ವನ ಮನೆಗೆ ಹೋದಳು. ಯಲ್ಲವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ಟೆಂಪೋದವನು ದಿನಕ್ಕೆ ಪಾವು ಲೀಟರು ಹೊಡೆಯುತ್ತಿದ್ದಾನೆ, ಗೊತ್ತಿದೆಯೇ ಎಂದು ಹಣಮವ್ವ ಕೇಳಿದಳು.

“ಗೊತ್ತಿಲ್ಲದ ಏನವಾ” ಎಂದಳು ಯಲ್ಲವ್ವ. “ಕಣ್ಣ ಮಂದ ಆಗ್ಯಾವು, ಪೂರಾ ಹೋಗಿಲ್ಲ. ಆದ್ರ ಅಂವಾ ಕಿಟಲಿ ಬೋರಲ ಹಾಕೂದಿಲ್ಲ. ನಿನ್ನ ಮಷೀನ ನನ್ನ ಎಂಟೂವರಿ ಹಾಲ ತಗೊಂಡು ಖಾಲಿ ಡಬ್ಬಿ ಕೈಗಿ ಕೊಟ್ಟು, ಮ್ಯಾಲ ನಳದ ನೀರಿಲೇ ತೊಳದ ಕಳಸ್ತು. ನೀನರ ಒಂದ ಮಾತ ಅಂತೀ ಅಂತ ನೋಡಿದೆ. ನೀ ಅನಲಿಲ್ಲ.”

“ತಪ್ಪಾತು ಆಯಿ.”

“ಆತ ಬಿಡು. ಶೇಂಗಾ ತಿನ್ನು.”

ಅಲ್ಲಿಂದ ಹಣಮವ್ವ ನೇರ ಡೇರಿಗೆ ಬಂದಳು. ಗುರುರಾಜ ಒಬ್ಬನೇ ಕೂತು ಗೋಡೆಯ ತಕ್ತೆ ಬಿಚ್ಚುತ್ತಿದ್ದ. ಮುಖದ ಮೇಲಿನ ಇಸ್ತ್ರಿ ಅಳಿದುಹೋಗಿತ್ತು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಹುಡುಗ ಮೊದಲು ಬಾಯಿ ತೆರೆದುಕೊಂಡು ಕೇಳಿದ, ಆಮೇಲೆ ಸಿಟ್ಟಾದ.

“ಒಂದ ಚಮಚೆ ಹಾಲಿನ ಸಲುವಾಗೇನ್ರಿ? ನಾ ಮೂರ ಶಿಬಿರ ಮಾಡೇನ್ರಿ ಅವ್ವಾರ! ಇದು ಮೂಢನಂಬಿಕಿ ಅಲ್ಲೇನ್ರಿ?”

“ಇರಬಹುದ್ರಿ ಸಾಹೇಬ್ರ. ನಿಮ್ಮವ್ವ ಬಾಜೂ ಮನಿಯವರ ಡಬ್ಬಿ ಹೊಳ್ಳಿ ಕೊಡೂವಾಗ ಖಾಲಿ ಕೊಡ್ತಾರೇನ್ರಿ?”

ಗುರುರಾಜ ಕೈಯಲ್ಲಿದ್ದ ತಕ್ತೆಯನ್ನು ಕೆಳಗಿಟ್ಟ. ಹುಕ್ಕೇರಿಯ ತನ್ನ ಮನೆಯ ಅಡುಗೆಕೋಣೆ ಕಣ್ಣಿಗೆ ಬಂದಿರಬೇಕು. ತಿರುಗಿ ಕೊಡುವ ಪ್ರತಿ ಡಬ್ಬಿಗೂ ಅವನ ತಾಯಿ ಒಂದು ಹಿಡಿ ಸಕ್ಕರೆಯನ್ನೋ ಎರಡು ಉಂಡಿಯನ್ನೋ ಹಾಕುತ್ತಿದ್ದಳು. ಏನೂ ಇಲ್ಲದ ದಿನ ನಾಲ್ಕು ಕಾಳು ಅಕ್ಕಿಯಾದರೂ ಸರಿ. ಅವನೇ ಎಷ್ಟೋ ಸಲ ಅಂಥ ಡಬ್ಬಿ ಹಿಡಿದುಕೊಂಡು ಬಾಜೂ ಮನೆಗೆ ಓಡಿದ್ದ. ಅವನು ತಲೆಯ ಮೇಲೆ ಕೈ ಇಟ್ಟುಕೊಂಡು ನಕ್ಕುಬಿಟ್ಟ.

“ಮೊದಲನೇ ದಿನಾನ ಯಾಕ ಹೇಳಲಿಲ್ರಿ?”

“ನೀವು ಕುರ್ಚಿ ಹಾಕಿ ಕೂಡ್ರಿಸಿದ್ರಿ. ಏನರ ಕೇಳಿದ್ರ ಹೇಳ್ತಿದ್ದೆ. ಕೇಳಲಿಲ್ಲ. ಅದು ನಿಮ್ಮ ತಪ್ಪು. ಕೇಳದಿದ್ರೂ ಹೇಳಬೇಕಿತ್ತು. ಅದು ನಂದು.”

ಗುರುರಾಜ ಕುರ್ಚಿ ಎಳೆದು ಅವಳನ್ನು ಕೂರಿಸಿ, ತಾನು ಹಾಲಿನ ಕ್ಯಾನಿನ ಮೇಲೆ ಕೂತ. ಈ ಸಲ ಅವನ ಕೈಯಲ್ಲಿ ತಕ್ತೆ ಇರಲಿಲ್ಲ. ಕ್ಯಾನಿನಿಂದ ಹಾಲು ವಾಪಸು ಹಾಕಿದರೆ ತೂಕ ತಪ್ಪುತ್ತದೆ, ಏನು ಮಾಡುವುದು ಎಂದು ಕೇಳಿದ. ವಾಪಸು ಯಾಕೆ ಹಾಕಬೇಕು, ಸುರಿಯುವಾಗಲೇ ಒಂದು ಚಮಚೆ ತಳದಲ್ಲಿ ಉಳಿಸಿಕೊಂಡರಾಯಿತು ಎಂದಳು ಹಣಮವ್ವ. ಜಾಲರಿ ತೆಗೆಯುವುದು, ನಳಕ್ಕೆ ಬೀಗ ಹಾಕುವುದು. ಫ್ಯಾಟು, ನೀರು ಎಲ್ಲ ಚೀಟಿಯಲ್ಲಿ ಬರುತ್ತದೆಯಲ್ಲ, ಅದನ್ನು ಮಡಚಿ ಕೈಗೆ ಕೊಡುವುದು, ಕೂಗಿ ಓದುವುದು ಬೇಡ.

“ದಾಕ್ಷಾಯಿಣಕ್ಕಾರ ಚೀಟಿ ಎರಡ ಸಲ ಮಡಚಿ ಕೊಡ್ರಿ” ಎಂದು ಸೇರಿಸಿದಳು. ಆ ಗುಟ್ಟನ್ನು ಮಷೀನು ಮೊದಲ ದಿನವೇ ಒಡೆದಿತ್ತು, ಆದರೂ ಅಷ್ಟು ವರ್ಷಗಳಲ್ಲಿ ಅವಳು ಬಾಯಿ ಬಿಟ್ಟದ್ದು ಅದೊಂದೇ ಸಲ.

ಮರುದಿನ ಗುರುವಾರ. ಆರು ಗಂಟೆಗೆ ಮೊದಲೇ ಹಣಮವ್ವ ಡೇರಿಯ ಕಟ್ಟೆಯ ಮೇಲೆ ನಿಂತಳು. ತೋಟಪಟ್ಟಿಯ ದಾರಿಯಲ್ಲಿ ಟೆಂಪೋ ಕಡೆ ಹೊರಟಿದ್ದ ಪ್ರತಿಯೊಬ್ಬಳನ್ನೂ ಹೆಸರು ಹಿಡಿದು ಕರೆದಳು. ಭಾಷಣ ಮಾಡಲು ಅವಳಿಗೆ ಬರುತ್ತಿರಲಿಲ್ಲ. “ಬಾರ ತಂಗಿ, ಕಿಟಲಿ ಬೋರಲ ಹಾಕೂದಿಲ್ಲ, ತಳದಾಗಿಂದು ನಿನಗ” ಎಂದಷ್ಟೇ ಅಂದಳು. ಕೆಲವರು ಬಂದರು, ಕೆಲವರು ಅನುಮಾನದಿಂದ ಗಿಡದ ಕೆಳಗೆ ನಿಂತರು. ಆಗ ಯಲ್ಲವ್ವ ಕೋಲೂರಿಕೊಂಡು ಬಂದಳು. ಮಷೀನಿನ ಮುಂದೆ ಹೋಗಿ ಹಾಲು ಸುರಿದಳು, ಕೊನೆಗೆ ಕೈ ತಡೆದು ಒಂದಿಷ್ಟು ಉಳಿಸಿಕೊಂಡಳು. ವಿದ್ಯಾ ಚೀಟಿ ಮಡಚಿ ಕೊಟ್ಟಳು. ಯಲ್ಲವ್ವ ಹೊರಗೆ ಬಂದು, ಕಿಟಲಿಯ ಮುಚ್ಚಳ ತೆರೆದು, ಗಿಡದ ಕೆಳಗೆ ನಿಂತಿದ್ದವರಿಗೆಲ್ಲ ತಳ ತೋರಿಸಿಕೊಂಡು ಹೋದಳು. ಗುರುರಾಜನ ಮೂರು ಶಿಬಿರ ಒಂದು ಕಡೆ, ಮುದುಕಿಯ ಆ ಒಂದು ಸುತ್ತು ಒಂದು ಕಡೆ.

ಅಂದು ಮುಂಜಾನೆ ನಲವತ್ತೊಂದು ಮಂದಿ ಹಾಲು ಹಾಕಿದರು. ಶುಕ್ರವಾರ ಐವತ್ತೆಂಟು. ಟೆಂಪೋದವನು ಏರಿಯ ಮೇಲೆ ಹಾರ್ನು ಬಾರಿಸಿ ಬಾರಿಸಿ ಘೋಡಗೇರಿಯ ಕಡೆ ಹೋದ. ದಾಕ್ಷಾಯಿಣಿಯ ಹಾಲು ಬೀಳುವ ಸಪ್ಪಳ ಕೂಡ ಆ ವಾರದಿಂದ ದಪ್ಪವಾಯಿತು, ಯಾಕೆಂದು ಯಾರೂ ಕೇಳಲಿಲ್ಲ.

ಶುಕ್ರವಾರ ಸಾಲು ಮುಗಿದ ಮೇಲೆ ಗುರುರಾಜ ಮೇಲಿನ ಕಚೇರಿಗೆ ಫೋನು ಮಾಡಿ ಮಷೀನು ಇಲ್ಲಿಯೇ ಇರುತ್ತದೆ ಎಂದು ಹೇಳಿದ. ಮೂಡಲಗಿಯ ಕಡೆಯ ಊರಿಗೆ ಬೇರೆ ಮಷೀನು ಕೊಡುತ್ತಾರಂತೆ. ಫೋನು ಇಟ್ಟವನೇ ಹಣಮವ್ವನ ಕಡೆ ತಿರುಗಿದ.

“ಯವ್ವಾ, ಸೋಮವಾರ ನನ್ನ ಕೂಡ ಅಲ್ಲಿಗಿ ಬರ್ತೀರೇನ್ರಿ? ಮಷೀನ ಹಚ್ಚೂಕಿಂತ ಮೊದಲ ಒಂದ ವಾರ ಬರೇ ಕುಂತ ಮಂದಿ ಜೋಡಿ ಮಾತಾಡೂನು. ಪಗಾರ ಕೊಡಸ್ತೇನಿ.”

“ಅಲ್ಲಿ ಹಾಲ ಅಳಿಯಾಕಿ ಯಾರ ಅದಾರಂತ?”

“ಗೊತ್ತಿಲ್ರಿ.”

“ಹಂಗಾದ್ರ ಮೊದಲ ಆಕೀ ಮನಿಗಿ ಹೋಗೂನು, ತಮ್ಮಾ. ಕುರ್ಚಿ ಒಯ್ಯಬ್ಯಾಡ.”

ಅವನು ನಕ್ಕ. ಹಣಮವ್ವನಿಗೆ ಆಗ ತನ್ನದೇ ಎಮ್ಮೆಯ ಹಾಲು ನೆನಪಾಯಿತು. ಎಲ್ಲರನ್ನೂ ಕರೆಯುವ ಗದ್ದಲದಲ್ಲಿ ಅವಳ ಕಿಟಲಿ ಬಾಗಿಲ ಹಿಂದೆಯೇ ಉಳಿದಿತ್ತು. ತಂದು ಬಕೆಟ್ಟಿಗೆ ಸುರಿದಳು. ಅವಳ ಹಾಲು ಯಾವಾಗಲೂ ಕೊನೆಗೆ, ಎಲ್ಲರದ್ದೂ ಮುಗಿದ ಮೇಲೆ. ಅವಳ ಕೈಗೆ ರೂಢಿಯಾಗಿದ್ದಂತೆ ಕಿಟಲಿ ಪೂರ್ತಿ ಬಗ್ಗಿತು, ಒಂದು ಹನಿಯೂ ಉಳಿಯಲಿಲ್ಲ. ಇಪ್ಪತ್ತಾರು ವರ್ಷ ಊರಿನವರಿಗೆಲ್ಲ ಚಮಚೆ ಹಾಕಿದವಳ ಕಿಟಲಿಗೆ ಹಾಕುವವರು ಯಾರೂ ಇರಲಿಲ್ಲ. ಅದು ಅವಳಿಗೆ ಎಂದೂ ಹೊಳೆದದ್ದೂ ಇಲ್ಲ.

ವಿದ್ಯಾ ತೂಕದ ಗುಂಡಿ ಒತ್ತಲು ಬೆರಳು ಚಾಚಿದ್ದಳು.

“ಒಂದ ಮಿನಿಟ ತಡೀರಿ” ಎಂದ ಗುರುರಾಜ.

ಗೋಡೆಯ ಮಾಡದಿಂದ ಅವಳ ಹಳೆಯ ಚಮಚೆ ತೆಗೆದುಕೊಂಡ. ಅಂಗಿಯ ತೋಳು ಮೇಲೇರಿಸಿ, ಬಕೆಟ್ಟಿನಿಂದ ಒಂದು ಚಮಚೆ ಹಾಲು ತೆಗೆದು, ಚೆಲ್ಲದಂತೆ ನಿಧಾನವಾಗಿ ಅವಳ ಕಿಟಲಿಯ ತಳಕ್ಕೆ ಬಿಟ್ಟ. ಹೊಸಬನ ಕೈ ಅದು.

“ಈಗ ಖಾಲಿ ಇಲ್ರಿ ಯವ್ವಾ. ಹೋಗ್ರಿ ಮನಿಗಿ.”

ಹಣಮವ್ವ ಕಿಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣು ತುಂಬಿ ಬಂತು. ಬೇವಿನ ಗಿಡ ದಾಟಿ, ಕಾಲುವೆಯ ಏರಿ ಹಿಡಿದು, ತಳದ ಹಾಲು ತುಳುಕದಂತೆ ನೋಡಿಕೊಂಡು ಮನೆಯ ಕಡೆ ನಡೆದಳು.